ನಾನೂರು ಗ್ರಾಂ ಕಮ್ಮಿ

ರದ್ದಿ ಕಾಗದದ ಗೋದಾಮಿನ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗಿ ಚೀಟಿ ಕೊಡುವುದು ಅವಳ ಕೆಲಸ. ಡ್ರೈವರುಗಳು, ಹಮಾಲರು, ಕೊನೆಗೆ ಮಾಲೀಕರೂ ಅವಳನ್ನು ಕರೆಯುವುದು ತಕ್ಕಡಿ ಅಕ್ಕ ಎಂದೇ. ವಯಸ್ಸಿನಲ್ಲಿ ದೊಡ್ಡವನಾದ ಒದ್ದೆಯಣ್ಣನಿಗೂ ಅವಳು ಅಕ್ಕ. ಒದ್ದೆಯಣ್ಣ ಲಾರಿ ಡ್ರೈವರ್. ರಟ್ಟಿನ ಕಟ್ಟುಗಳಿಗೆ ದಾರಿಯಲ್ಲಿ ನೀರು ಹಾಕಿ ತೂಕ ಹೆಚ್ಚಿಸಿಕೊಂಡು ಬರುವುದು ಅವನ ಹಳೆಯ ಚಾಳಿ. ಅವನ ಲಾರಿ ಬಂದಾಗಲೆಲ್ಲ ಅಕ್ಕ ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲಿಳಿದು, ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ತೇವ ನೋಡಿ, ನೀರಿನ ಬಾಬ್ತು ಇಷ್ಟು ಕಿಲೋ ಎಂದು ಕಳೆದುಬಿಡುತ್ತಿದ್ದಳು.

"ನೀರಿಗೂ ದುಡ್ಡು ಕೊಟ್ಟಿದೀನಿ ಅಕ್ಕಾ. ನಲ್ಲಿ ಬಿಲ್ಲು ತೋರಿಸ್ಲಾ?"

"ತೋರ್ಸು. ಆ ಕಾಗದನೂ ರದ್ದಿಗೆ ತಗೋತೀವಿ."

ಇಳಿಯುವುದು ಹೇಗೋ ಆಗುತ್ತಿತ್ತು, ಹತ್ತುವಾಗಲೇ ಜೀವ ಬಾಯಿಗೆ ಬರುತ್ತಿದ್ದುದು. ಬಲ ಮೊಣಕಾಲಿನ ಕೀಲು ಸವೆದಿದೆ, ಬದಲಾಯಿಸಬೇಕು ಎಂದಿದ್ದರು ಮೂಳೆ ಡಾಕ್ಟರು. ಆದರೆ ಮೈತೂಕ ತೊಂಬತ್ತು ಕಿಲೋಗೆ ಇಳಿಯುವ ತನಕ ಆಪರೇಷನ್ ಮಾತೇ ಬೇಡ ಎಂದೂ ಹೇಳಿದ್ದರು. ಆಗ ಅವಳು ಇದ್ದದ್ದು ನೂರ ಹನ್ನೆರಡು. ಇಳಿದು ಮಾಲು ಮುಟ್ಟಿ ನೋಡಲಾಗದಿದ್ದರೆ ಅವಳನ್ನು ಅಲ್ಲಿ ಕೂರಿಸುವುದಾದರೂ ಯಾಕೆ? ಪರದೆಯ ಮೇಲಿನ ಅಂಕಿ ಓದಲು ಯಾರಾದರೂ ಸಾಕು. ಇದು ಮಾಲೀಕರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟವರು ಮೊಬೈಲಿನ ಡಾಕ್ಟರಮ್ಮ. ಅಕ್ಕ ಅವರನ್ನು ಎದುರಿಗೆ ಕಂಡವಳೇ ಅಲ್ಲ. ಅಂಗೈಯಗಲದ ಪರದೆಯಲ್ಲಿ ಒಂದು ಮುಖ, ಹಿಂದೆ ಒಂದು ಬಿಳಿ ಗೋಡೆ, ಅಷ್ಟೇ. ಒಂದು ತಿಂಗಳ ಔಷಧಿಯ ಬೆಲೆ ಅವಳ ಸಂಬಳದ ಮುಕ್ಕಾಲು ಪಾಲು. ಗೋದಾಮಿನ ಆರೋಗ್ಯ ವಿಮೆ ಆರು ತಿಂಗಳಿಗೆ ಒಪ್ಪಿತು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಂಡಳು. ಮೊದಮೊದಲು ವಾಂತಿ. ಆಮೇಲೊಂದು ದಿನ ಅರ್ಧ ತಟ್ಟೆಗೇ ಹೊಟ್ಟೆ 'ಸಾಕು' ಎಂದಿತು. ಅವಳ ಹೊಟ್ಟೆ ಆ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ವಿಮೆ ಮುಂದುವರಿಯಬೇಕಾದರೆ ಆರು ತಿಂಗಳ ಕೊನೆಗೆ ವಿಡಿಯೋ ಕರೆಯಲ್ಲಿ ತೂಕ ತೋರಿಸಬೇಕಿತ್ತು. ಮನೆಯ ತೂಕದ ಯಂತ್ರ ಅಕ್ಕನಿಗೆ ಯಾವತ್ತೂ ಬೈಸಿಕೊಳ್ಳುವ ಜಾಗ. ಹಿಂದಿನ ಸಂಜೆಯಿಂದ ಅವಳು ಏನೂ ತಿನ್ನಲಿಲ್ಲ, ಬೆಳಿಗ್ಗೆ ನೀರನ್ನೂ ಮುಟ್ಟಲಿಲ್ಲ. ಇದ್ದುದರಲ್ಲೇ ತೆಳುವಾದ ಬಟ್ಟೆ ಹಾಕಿಕೊಂಡು, ವಾಚು, ಓಲೆ ಬಿಚ್ಚಿಟ್ಟಳು. ಕೂದಲಿನ ಕ್ಲಿಪ್ಪನ್ನೂ ತೆಗೆದಾಗ, ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಅವಳ ಗಂಡ ಮೊಬೈಲು ಹಿಡಿದುಕೊಂಡೇ ನಕ್ಕುಬಿಟ್ಟ.

"ಹಲ್ಲೂ ಕಿತ್ತಿಡ್ತೀಯೇನೆ?"

"ಸುಮ್ನೆ ಹಿಡ್ಕೊಳ್ರೀ, ಕೈ ಅಲ್ಲಾಡಿಸ್ಬೇಡಿ."

ತೊಂಬತ್ನಾಲ್ಕು ಪಾಯಿಂಟ್ ಆರು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಪರದೆಯಲ್ಲಿದ್ದ ಡಾಕ್ಟರಮ್ಮ ಮಾತ್ರ ನಗಲಿಲ್ಲ.

"ಅಯ್ಯೋ, ತಿಂಡಿ ತಿಂದಾದ್ರೂ ನಿಲ್ಲಬಾರ್ದಿತ್ತಾ ನೀವು?"

ಅವಳ ಎತ್ತರದವರು ತೊಂಬತ್ತೈದಕ್ಕಿಂತ ಕೆಳಗೆ ಇಳಿದರೆ ವಿಮೆಯ ಲೆಕ್ಕದಲ್ಲಿ ಅವರಿಗೆ ಆ ಔಷಧಿ ಬೇಕಾಗಿಲ್ಲ. ಮೂಳೆ ಡಾಕ್ಟರಿಗೆ ತೊಂಬತ್ತು, ವಿಮೆಯವರಿಗೆ ತೊಂಬತ್ತೈದು. ನಡುವಿನ ಐದು ಕಿಲೋ ಯಾರ ಬಾಬ್ತೂ ಅಲ್ಲ. ಇನ್ನೂ ನಾನೂರು ಗ್ರಾಂ ಇದ್ದಿದ್ದರೆ ಇನ್ನಾರು ತಿಂಗಳು ಔಷಧಿ ಬರುತ್ತಿತ್ತು.

ಡಾಕ್ಟರಮ್ಮ ಮೇಲ್ಮನವಿ ಹಾಕಿದರು. ಒಂದು ತಿಂಗಳ ನಂತರ ಮತ್ತೊಮ್ಮೆ, ಕೊನೆಯ ಸಲ, ತೂಕ ತೋರಿಸಲು ಅವಕಾಶ ಸಿಕ್ಕಿತು. ಅಲ್ಲಿಯವರೆಗೆ ಇಂಜೆಕ್ಷನ್ ಇಲ್ಲ. ಹತ್ತೇ ದಿನಕ್ಕೆ ಹಸಿವು ವಾಪಸು ಬಂತು, ಬಾಡಿಗೆಮನೆ ಬಿಟ್ಟವನು ಸಾಮಾನು ಸಮೇತ ಮತ್ತೆ ಬಂದ ಹಾಗೆ. ಹೆದರಿಕೆಗೆ ಅಕ್ಕ ಆ ತಿಂಗಳೆಲ್ಲ ಯಂತ್ರ ಹತ್ತಲೇ ಇಲ್ಲ.

"ಎರಡು ಲೀಟರ್ ನೀರು ಕುಡಿದು ನಿಂತ್ಕೋ ಅಕ್ಕಾ," ಅಂದ ಒದ್ದೆಯಣ್ಣ. "ಇಷ್ಟು ವರ್ಷ ನನ್ನ ರಟ್ಟು ನೋಡಿ ಏನು ಕಲಿತೆ?"

"ನಿನ್ನ ವಿದ್ಯೆ ನಿಂಗೇ ಇರ್ಲಪ್ಪ."

ಹಾಗೆಂದು ಹೇಳಿದವಳೇ, ತೂಕ ತೋರಿಸುವ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಡನಿಗೆ ಬೆನ್ನು ಹಾಕಿ ನಿಂತು ಎರಡು ಲೀಟರಿನ ಜಗ್ಗು ಖಾಲಿ ಮಾಡಿದಳು. ಓಲೆ ಕಿವಿಯಲ್ಲೇ ಇತ್ತು, ವಾಚೂ ಕೈಯಲ್ಲೇ ಇತ್ತು.

ತೊಂಬತ್ತೆಂಟು ಪಾಯಿಂಟ್ ಮೂರು.

"ಗೆದ್ದೆ ಬಿಡು!" ಎಂದ ಗಂಡ. ಅಕ್ಕ ಆಗಲೇ ಮನಸ್ಸಿನಲ್ಲಿ ನೀರು ಕಳೆದಿದ್ದಳು: ತೊಂಬತ್ತಾರು ಪಾಯಿಂಟ್ ಮೂರು. ಕುಡಿಯದಿದ್ದರೂ ನಡೆಯುತ್ತಿತ್ತು.

ವಿಮೆಯವರ ಉತ್ತರವನ್ನು ಡಾಕ್ಟರಮ್ಮನೇ ಓದಿ ಹೇಳಿದರು. ಹಿಂದಿನ ತೂಕಕ್ಕಿಂತ ಮೂರು ಕಿಲೋಗೂ ಹೆಚ್ಚು ಏರಿದೆ, ಆದ್ದರಿಂದ ಔಷಧಿ ಫಲ ಕೊಟ್ಟಿಲ್ಲ, ಮುಂದೆ ಕೊಡುವುದಿಲ್ಲ.

"ಔಷಧಿ ಕೊಡದೆ ಇದ್ದೋರೂ ಅವರೇ, ಔಷಧಿ ಕೆಲಸ ಮಾಡ್ಲಿಲ್ಲ ಅನ್ನೋರೂ ಅವರೇ!" ಗಂಡ ಪರದೆಗೇ ಕೂಗಾಡಿದ.

"ನಾನೂ ಬರೆದೆ ಸರ್. ಅಲ್ಲಿ ಓದೋರು ಯಾರೂ ಇಲ್ಲ, ಅಂಕಿ ಅಷ್ಟೇ ನೋಡ್ತಾರೆ," ಎಂದರು ಡಾಕ್ಟರಮ್ಮ. ಅವರ ದನಿ ಸೋತಿತ್ತು. "ಒಂದೇ ತಿಂಗಳಿಗೆ ಇಷ್ಟು ಹೇಗಾಯ್ತಮ್ಮಾ? ಹೇಳೋದೇನಾದ್ರೂ ಇದೆಯಾ?"

ಅದರಲ್ಲಿ ಎರಡು ಕಿಲೋ ನೀರು ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ಮೋಸ ಮಾಡಿದ ಹಾಗೆ, ಹೇಳದಿದ್ದರೆ ಏರಿದ ಹಾಗೆ.

"ಏನಿಲ್ಲ ಡಾಕ್ಟ್ರೇ," ಅಂದಳು.

ಮರುದಿನ ಒದ್ದೆಯಣ್ಣನ ಲಾರಿ ಬಂತು. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಕಟ್ಟಿನೊಳಗೆ ಕೈ ತೂರಿಸಿದಳು. ಎಂದಿನಂತೆ ಒದ್ದೆ.

"ಏನಾಯ್ತಕ್ಕಾ, ನನ್ನ ವಿದ್ಯೆ ಫಲಿಸ್ತಾ?"

"ಫಲಿಸ್ತು ಕಣಣ್ಣ. ನನ್ನ ನೀರು ಕಳೆಯೋರೇ ಯಾರೂ ಇರ್ಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ, ನಕ್ಕ. ಅವಳು ಅವನ ಚೀಟಿಯಲ್ಲಿ ನೀರಿನ ಬಾಬ್ತು ಕಳೆದು ಕೊಟ್ಟು, ವಾಪಸು ಮೆಟ್ಟಿಲ ಹತ್ತಿರ ಬಂದು, ಒಂದು ಹತ್ತಿ, ಎರಡನೆಯದರ ಮೇಲೆ ಕೂತಳು. ಹಿಂದಿನ ಲಾರಿ ಹಾರ್ನ್ ಹೊಡೆಯಿತು.

"ಬಂದೆ, ಇರ್ರಪ್ಪಾ," ಎಂದು ಕೂಗಿದಳು. ಏಳಲಿಲ್ಲ.