ಒಲೆಯ ಮೇಲಿಂದ ಬಿದ್ದ ಕರಿ ಬಿಲ್ಲೆ

ನಮ್ಮ ಮೊಮ್ಮಗಳು ಪಾಸಾದಳು. ಇನ್ನು ಅವಳೂ ಡಾಕ್ಟರೇ. ಸೂಜಿ ಚುಚ್ಚುವ ಡಾಕ್ಟರಲ್ಲ, ಅಯಸ್ಕಾಂತದ ಡಾಕ್ಟರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದನ್ನು ಬರೆಯುವುದೇ ಒಂದು ಹೆಮ್ಮೆ. ಆದರೆ ಸುದ್ದಿ ಬರುವ ತನಕ ಪಟ್ಟ ಪಾಡು ನನಗೇ ಗೊತ್ತು.

ಕಬ್ಬಿಣದ ತುಕ್ಕಿನಂಥ ಪುಡಿಗೆ ನಿಕಲ್ ಬೆರೆಸಿ, ಗಡಿಗೆ ಸುಟ್ಟ ಹಾಗೆ ಭಟ್ಟಿಯಲ್ಲಿ ಸುಟ್ಟು ಕರಿ ಬಿಲ್ಲೆ ಮಾಡುವುದು ಅವಳ ಕೆಲಸ. ನಿಕಲ್ ತುಸು ತೆಗೆದು ಆ ಜಾಗಕ್ಕೆ ಸತು ಹಾಕಿದರೆ ಬಿಲ್ಲೆಯ ಗುಣ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಸತು ಕಡಿಮೆ ಇದ್ದದ್ದೊಂದು, ಹೆಚ್ಚು ಇದ್ದದ್ದೊಂದು, ಎರಡು ಬಿಲ್ಲೆ ಗುರುತು ಹಾಕಿ ನನಗೆ ಕೊಟ್ಟು, ಒಂದೊಂದು ಅಯಸ್ಕಾಂತಕ್ಕೆ ಅಂಟಿಸಿ ಫ್ರಿಜ್ಜಿಗೆ ಹಚ್ಚಿದ್ದಳು. ಪರೀಕ್ಷೆಯ ಬೆಳಿಗ್ಗೆ ಅವಳು ಇಲ್ಲಿಯ ಕೆಂಟನ್ ಸ್ಟೇಷನ್ನಿನಲ್ಲಿ ಟ್ಯೂಬ್ ರೈಲು ಹತ್ತಿದ ಮೇಲೆ, ಕಣ್ಣೆದುರಿಗಿರಲಿ ಎಂದು ಅವನ್ನು ಅಯಸ್ಕಾಂತದ ಸಮೇತ ಒಲೆಯ ಮೇಲಿನ, ಹೊಗೆ ಎಳೆಯುವ ಸ್ಟೀಲ್ ಹುಡ್ಡಿಗೆ ಹಚ್ಚಿ ರೊಟ್ಟಿ ಬಡಿಯತೊಡಗಿದೆ.

ಎರಡನೇ ರೊಟ್ಟಿ ಹಂಚಿನ ಮೇಲಿತ್ತು. ಅಯಸ್ಕಾಂತ ಅಲ್ಲೇ ಉಳಿದು, ಟಪ್ಪೆಂದು ಒಂದು ಬಿಲ್ಲೆ ಮಾತ್ರ ಕೆಳಗೆ ಬಿತ್ತು. ಅಯ್ಯೋ ಎಂದು ಕೂಗಿದೆ. ಬಟ್ಟೆಯಲ್ಲಿ ಹಿಡಿದು ಮತ್ತೆ ಅಯಸ್ಕಾಂತಕ್ಕೆ ಹಚ್ಚಿದರೆ ಹತ್ತಲೊಲ್ಲದು.

ಮನೆಯಿಂದಲೇ ಆಫೀಸು ಮಾಡುವ ಸೊಸೆ ಓಡಿ ಬಂದಳು. "ಗಾಳಿಗೆ ಬಿದ್ದಿರಬೇಕ್ರಿ, ಅತ್ತಿ."

"ಕಿಟಕಿ ಮುಚ್ಚೇತಿ. ಗಾಳಿ ಎಲ್ಲಿಂದ ಬರತೈತಿ?"

ಒಲೆ ಆರಿಸಿಬಿಟ್ಟೆ. ಚಹಾ ಕೂಡ ಕುಡಿಯಲಿಲ್ಲ. ಇಷ್ಟು ವರ್ಷ ಓದಿದ ಹುಡುಗಿ, ಇವತ್ತೇ ಬೀಳಬೇಕಿತ್ತೇ ಇದು? ಫೋನು ಬಂದಾಗ ಎತ್ತುವ ಧೈರ್ಯವಾಗಲಿಲ್ಲ. ಸೊಸೆ ಕೇಳಿಸಿಕೊಂಡು, "ಪಾಸಂತ್ರಿ," ಎಂದು ನನ್ನನ್ನು ತಬ್ಬಿಕೊಂಡಳು.

ಸಂಜೆ ಮೊಮ್ಮಗಳು ಬಂದಾಗ ಬಿಲ್ಲೆಯ ಸಂಗತಿ ಹೇಳಿದೆ.

"ಯಾವುದು ಬಿತ್ತು, ಆಯಿ?"

"ಸತು ಹೆಚ್ಚಿದ್ದದ್ದು."

ಬೂಟು ಕಳಚುತ್ತಿದ್ದವಳು ಅಲ್ಲೇ ಕೂತು ನಕ್ಕಳು. "ಅದು ಬೀಳಲೇಬೇಕು. ಸತು ಹೆಚ್ಚಾದಷ್ಟು ಕಡಿಮಿ ಹೀಟಿಗೇ ಹಿಡಿತ ಬಿಡ್ತದ. ನನ್ನ ಥೀಸಿಸ್ಸೇ ಅದು. ಬೀಳದಿದ್ರ ನಾ ಫೇಲು."

"ಮತ್ತ ನಾ ಹಚ್ಚಿದ್ರ ಹತ್ತಲಿಲ್ಲಲ್ಲ?"

"ಬಿಸಿ ಇತ್ತು. ಈಗ ಹಚ್ಚು."

ತಣ್ಣಗಿದ್ದ ಬಿಲ್ಲೆ ನನ್ನ ಬೆರಳಿನಿಂದಲೇ ಜಿಗಿದು ಅಂಟಿಕೊಂಡಿತು. ಅದನ್ನು ಫ್ರಿಜ್ಜಿಗೇ ಹಚ್ಚಿ, ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ರೊಟ್ಟಿ ಬಡಿದು ಮುಗಿಸಿದೆ. ಮಗ ಆಫೀಸಿನಿಂದ ಬಂದು ತಾಟು ಹಾಕಿದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. "ಈಗ ಹಂಚಿನ ಮ್ಯಾಲೆ ಏನೂ ಬೀಳೂದಿಲ್ಲ, ಬಾ," ಎಂದು ಮೊಮ್ಮಗಳು ನನ್ನ ಕೈಹಿಡಿದು ಊಟಕ್ಕೆ ಕೂಡಿಸಿದಳು. ಬೆಳಿಗ್ಗೆಯಿಂದ ಉಪವಾಸವಿದ್ದ ನಾನು ಎಲ್ಲರಿಗಿಂತ ಹೆಚ್ಚು ಉಂಡೆ.