ನಾನು ಗೆರೆ ಎಳೆದು ಬಿಟ್ಟ ಸಾಲು

ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರನ್ನು ಕಂಡು ಮಾತಾಡಿ, ಯಾರಿಗೆ ಎಚ್‌ಐವಿ ತಗಲುವ ಅಪಾಯ ಎಷ್ಟೆಂದು ಅಂದಾಜು ಮಾಡಿ ಬರೆಯುವುದು ನನ್ನ ಕೆಲಸ. ದಾವಣಗೆರೆಯಿಂದ ಹರಿಹರಕ್ಕೆ ಸ್ಕೂಟಿಯಲ್ಲಿ ಹೋಗಿಬರುತ್ತೇನೆ. ಅಪಾಯ ಹೆಚ್ಚು ಎಂದು ಬರೆದವರನ್ನು ಬೇಗ ರಕ್ತ ಪರೀಕ್ಷೆಗೆ ಕರೆದೊಯ್ಯಬೇಕು. ಕಡಿಮೆ ಎಂದು ಬರೆದವರ ಸರದಿ ತಡವಾಗಿ ಬರುತ್ತದೆ.

ಹಾಗೆ ಕಾಣಲು ಹೋದವರಲ್ಲಿ ಒಬ್ಬಳು ಅವಳು; ಹರಿಹರದ ಓಣಿಯೊಂದರಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ.

“ಬರ್ರಿ ಅಕ್ಕಾ, ಕೂಡ್ರಿ. ನೀವು ಬರ್ತೀರಂತ ಮುಖ ತೊಳ್ಕಂಡು ಕುಂತೀನಿ.”

ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಒಂದೊಂದೇ ಕೇಳುತ್ತಾ ಹೋದೆ. ಗಿರಾಕಿಗಳು ಕಡಿಮೆ. ಕುಡಿತ ಇಲ್ಲ. ಕಾಂಡೋಮ್?

“ಅದಿಲ್ದೆ ಬಾಗ್ಲು ದಾಟಕ್ಕೆ ಬಿಡಲ್ಲ. ಮೊನ್ನೆ ಒಬ್ಬ ಮುನಿಸ್ಕಂಡ. ಹೋಗಪ್ಪಾ, ಮನ್ಯಾಗ ಹೆಂಡ್ತಿ ಹತ್ರ ಮುನಿಸ್ಕಾ ಅಂದೆ.”

ಇಬ್ಬರೂ ನಕ್ಕೆವು.

ಹಾಳೆಯ ಕೊನೆಯ ಸಾಲು: ಗಿರಾಕಿಯಲ್ಲದ ಸಂಗಾತಿ ಇದ್ದಾರೆಯೇ, ಅವರೊಡನೆ ಕಾಂಡೋಮ್ ಬಳಸುತ್ತೀರಾ? ಅವಳು ತಾಳಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು. ದಾವಣಗೆರೆಯ ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವವನು ಉಕ್ಕಡಗಾತ್ರಿಯ ಗುಡಿಗೆ ಕರೆದೊಯ್ದು ಕಟ್ಟಿದ್ದು. ಅವನಿಗೆ ಬೇರೆ ಸಂಸಾರವಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನ ಗಂಡನ ಬಗ್ಗೆ ಯಾರಾದರೂ ಹಾಗೆ ಕೇಳಿದ್ದರೆ ಎದ್ದು ಹೋಗುತ್ತಿದ್ದೆ. ಕೇಳದೆಯೇ ಆ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ “ಕಡಿಮೆ” ಎಂದು ಬರೆದೆ.

“ಪಾಸಾ ಫೇಲಾ ಅಕ್ಕಾ?”

“ಫಸ್ಟ್ ಕ್ಲಾಸ್,” ಅಂದೆ. ಆ ಮಾತು ಆಡಿದ್ದು ನಾನೇ.

ತಿಂಗಳುಗಳು ಕಳೆದು ಸರದಿ ಬಂದು ಆಸ್ಪತ್ರೆಗೆ ಕರೆದೊಯ್ದಾಗ ಅವಳು ಇಳಿದುಹೋಗಿದ್ದಳು. ರವಿಕೆ ಹೆಗಲಿಂದ ಜಾರುತ್ತಿತ್ತು. ಪರೀಕ್ಷೆ ಪಾಸಿಟಿವ್ ಬಂತು. ವರದಿ ನೋಡಿದ ಡಾಕ್ಟರು, ಮೊದಲೇ ತಿಳಿದಿದ್ದರೆ ಇಷ್ಟು ಇಳಿಯುವ ಮುಂಚೆ ಗುಳಿಗೆ ಶುರು ಮಾಡಬಹುದಿತ್ತು ಅಂದರು. ನನ್ನನ್ನು ನೋಡಿ ಹೇಳಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಹೊರಗೆ ಬೆಂಚಿನ ಮೇಲೆ ಹೊಸ ಹಾಳೆ ತೆಗೆದೆ. ಈ ಸಲ ಕೊನೆಯ ಸಾಲಿನಿಂದಲೇ ಕೇಳಿದೆ.

“ಅವ್ರಿಗೆ ಯಾಕ ಬೇಕಕ್ಕಾ ಅದು? ಅವ್ರೇನು ಗಿರಾಕಿನಾ?” ಆಮೇಲೆ ಸಣ್ಣಗೆ, “ನನ್ನಿಂದ ಅವ್ರಿಗೆ ಹೋಗೈತೇನೋ?”

ಯಾರಿಂದ ಯಾರಿಗೆ ಹೋಯಿತೆಂದು ಈ ವರದಿಯಿಂದ ಗೊತ್ತಾಗುವುದಿಲ್ಲ ಅಂದೆ. ಅವರನ್ನೂ ಪರೀಕ್ಷೆಗೆ ಕರೆಯಬೇಕು ಅಂದೆ. ಅವತ್ತೇ ಕೇಳಬೇಕಿತ್ತು, ಕೇಳದೆ ಬಿಟ್ಟದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವಳು ಹಾಳೆಯ ಕಡೆ ಬಗ್ಗಿದಳು.

“ಏನಂತ ಬರೀತೀರಿ?”

“ಸಂಗಾತಿ.”

“ಹಂಗ್ ಬ್ಯಾಡ. ಗಂಡ ಅಂತ ಬರೀರಿ.”

ಗಂಡ ಎಂದು ಬರೆದೆ. ಪಕ್ಕದ ಖಾಲಿ ಜಾಗದಲ್ಲಿ, ಅವಳು ನೋಡುತ್ತಿದ್ದಂತೆಯೇ, ಕಾಂಡೋಮ್ ಇಲ್ಲ ಎಂದು ಬರೆದೆ.