ಹರಳಿನ ಟೊಪ್ಪಿಗೆ

ಒಣ ಕಟ್ಟಿಗೆಯ ತಳಮೈಗೆ ಬಿಳಿ ಪೊರೆಯಂತೆ ಅಂಟಿಕೊಂಡು ಬದುಕುವ ಅಣಬೆಗಳಿವೆ. ಛತ್ರಿ ಇಲ್ಲ, ಕಾಲಿಲ್ಲ. ನೋಡಿದವರು ಸುಣ್ಣ ಸಿಡಿದಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಬರಿಗಣ್ಣಿಗೆ ಎಲ್ಲ ಒಂದೇ. ಯಾವುದು ಯಾವುದೆಂದು ತಿಳಿಯಬೇಕಾದರೆ ಬ್ಲೇಡಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಸಿಂದಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಇದೇ ಹುಚ್ಚು. ಈ ಹುಚ್ಚು ಹಿಡಿದ ಇನ್ನೊಬ್ಬ ಮನುಷ್ಯ ಇತ್ತ ಇಂಡಿಯಲ್ಲೂ ಸಿಕ್ಕಿಲ್ಲ, ಅತ್ತ ಮುದ್ದೇಬಿಹಾಳ, ಬಾಗೇವಾಡಿಯಲ್ಲೂ ಸಿಕ್ಕಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಹಡಿ ಕೋಣೆಯಲ್ಲಿ ಒಬ್ಬನೇ ಬಾಡಿಗೆಗಿದ್ದೇನೆ. ಚೀಲದಲ್ಲಿ ಕೊಳೆತ ಟೊಂಗೆ ಹೊತ್ತು ಮೆಟ್ಟಿಲು ಹತ್ತುವಾಗ ಮನೆ ಮಾಲೀಕರ ಹೆಂಡತಿ ಸುಮ್ಮನೆ ಬಿಡುವುದಿಲ್ಲ.

"ಏನ್ರಿ ಸರ, ಮತ್ತ ಕಟ್ಟಿಗಿ ತಂದ್ರಿ? ಗ್ಯಾಸ್ ತೀರೇತೇನ್ರಿ?"

ನಕ್ಕು ಮೇಲೆ ಬರುತ್ತೇನೆ. ಬಾಗಿಲು ಹಾಕಿದ ಮೇಲೆ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಎಷ್ಟೋ ಸಂಜೆ ಸ್ಲೈಡಿನ ಜೊತೆಗೇ ಜಗಳವಾಡಿದ್ದೇನೆ.

ಈ ವಿದ್ಯೆ ಕಲಿಸಿದ ಗುರುಗಳು ಧಾರವಾಡದಲ್ಲಿದ್ದಾರೆ. ನಿವೃತ್ತರಾಗಿ ಬಹಳ ವರ್ಷವಾಯಿತು. ತಿಂಗಳಿಗೊಮ್ಮೆ ಫೋನ್ ಮಾಡಿ ಕಂಡದ್ದನ್ನು ಹೇಳಿದರೆ ಅಲ್ಲಿಂದಲೇ ತಿದ್ದುತ್ತಾರೆ. ನನ್ನ ಮಾತು ಪೂರ್ತಿ ಕೇಳುವವರು ಅವರೊಬ್ಬರೇ.

ಹೋದ ವರ್ಷ ಮಳೆ ನಿಂತ ಮೇಲೆ ಲಚ್ಯಾಣದ ಹತ್ತಿರ ಒಂದು ನಿಂಬೆ ತೋಟದ ಬದುವಿನಲ್ಲಿ, ಕಡಿದು ಒಟ್ಟಿದ್ದ ಹಳೆಯ ನಿಂಬೆ ಟೊಂಗೆಯ ಮೇಲೆ ಅಂಥದೊಂದು ಪೊರೆ ಸಿಕ್ಕಿತು. ತೋಟದ ಯಜಮಾನರು, "ಒಣ ಟೊಂಗಿ ಒಯ್ತೀರಿ, ಹಣ್ಣ ಬಿಟ್ಟ ಹೊಂಟೀರಿ. ಎಂಥಾ ಮಂದಿರಿ ನೀವು!" ಎಂದು ನಾಲ್ಕಾರು ನಿಂಬೆಹಣ್ಣನ್ನೂ ಚೀಲಕ್ಕೆ ತುರುಕಿದರು.

ಭಾನುವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೋಣೆಯಲ್ಲಿಟ್ಟ ನನ್ನ ಸೂಕ್ಷ್ಮದರ್ಶಕದ ಮುಂದೆ ಕೂತೆ. ತುಣುಕು ಹಿಡಿದು ಸೀಳಿ, ನೀರಿನ ಹನಿಯಲ್ಲಿಟ್ಟು ನೋಡಿದೆ. ಬೀಜಕ ಹೊರುವ ಕೋಶಗಳ ನಡುವೆ, ಏನೂ ಹೊರದೆ ಸುಮ್ಮನೆ ಎದ್ದು ನಿಂತ ಉದ್ದನೆಯ ಕೋಶಗಳಿದ್ದವು. ಒಂದೊಂದರ ತುದಿಗೂ ಬಿಳಿ ಹರಳುಗಳ ಟೊಪ್ಪಿಗೆ! ಇಂಥ ಹರಳು ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಅಣಬೆಯ ಹೆಸರು ನಿಲ್ಲುತ್ತದೆ. ಇಷ್ಟು ಸಣ್ಣ ಬೀಜಕ, ಇಂಥ ಟೊಪ್ಪಿಗೆ ಎರಡೂ ಕೂಡಿದ್ದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಮೂರು ಭಾನುವಾರ ಬೇರೆ ಬೇರೆ ತುಣುಕು ಸೀಳಿದೆ. ಮೂರು ಸಲವೂ ಅದೇ ಕಂಡಿತು.

"ಸರ, ಇದು ಹೊಸದ ಅನಸತೈತ್ರಿ" ಎಂದೆ ಫೋನಿನಲ್ಲಿ.

"ಹೊಸದಿದ್ರ ಫೋಟೋದಾಗ ನೋಡೂ ಮಾತಲ್ಲಪಾ ಅದು. ನಾನ ಬರ್ತೇನಿ. ಎರಡ ದಿನ ಇರ್ತೇನಿ, ಕೂಡೇ ನೋಡೂಣು."

ನಿಜ ಹೇಳುತ್ತೇನೆ, ಆ ಗಳಿಗೆಯಿಂದ ಅಣಬೆಯ ಚಿಂತೆ ಹಿಂದೆ ಸರಿಯಿತು. ನನ್ನ ಕೋಣೆಯಲ್ಲಿ ಇನ್ನೊಬ್ಬರು ಬಂದು ಉಳಿದು ಎಷ್ಟು ಕಾಲವಾಗಿತ್ತೋ! ಇನ್ನೊಂದು ಕುರ್ಚಿ ತಂದೆ, ಗಾದಿ ತಂದೆ, ಇನ್ನೊಂದು ತಾಟು ತಂದೆ. "ಯಾರ ಬರಾಕತ್ತಾರ್ರಿ?" ಎಂದು ಕೆಳಗಿನಿಂದ ಮಾಲೀಕರ ಹೆಂಡತಿ ಕೇಳಿದರು. "ನಮ್ಮ ಸರ ಬರಾಕತ್ತಾರ್ರಿ ಅಕ್ಕಾರ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. ನನಗೇ ನಾಚಿಕೆಯಾಯಿತು.

ಅವರು ಹೊರಡುವ ಎರಡು ದಿನ ಮೊದಲು ಬೆಳಿಗ್ಗೆ ಫೋನ್ ಬಂತು. "ಆ ಹರಳಿಗಿ ಆಸಿಡ್ ಬಿಟ್ಟ ನೋಡೀಯಿಲ್ಲೋ?"

ನೋಡಿರಲಿಲ್ಲ. ಕಾಲೇಜಿಗೆ ರಜೆ, ಲ್ಯಾಬಿಗೆ ಬೀಗ. ಹೊಸದಾಗಿ ಒಂದು ಸ್ಲೈಡ್ ಮಾಡಿ, ಉಳಿದಿದ್ದ ಒಂದು ನಿಂಬೆಹಣ್ಣು ಹಿಂಡಿ, ರಸದ ಒಂದು ಹನಿಯನ್ನು ಅದರ ಅಂಚಿಗೆ ಬಿಟ್ಟೆ. ಅಣಬೆಯ ಸ್ವಂತ ಹರಳಾಗಿದ್ದರೆ ಇಷ್ಟು ಸಣ್ಣ ಹುಳಿಗೆ ಜಗ್ಗುವುದಿಲ್ಲ. ಇವು ಬುಳುಬುಳು ಗುಳ್ಳೆ ಎಬ್ಬಿಸಿ ಕರಗಿಯೇ ಹೋದವು. ಸುಣ್ಣದ ಪುಡಿ ಹಾಗೆ ಕರಗುತ್ತದೆ. ಎಲ್ಲಿಂದ ಬಂತು ಈ ಪುಡಿ? ಕಣ್ಣು ಎತ್ತಿ ಕೈ ನೋಡಿಕೊಂಡೆ. ಮೂರು ಬೆರಳ ತುದಿ ಬೆಳ್ಳಗಿದ್ದವು. ಆಗಷ್ಟೇ ಹಣೆಗೆ ವಿಭೂತಿ ಎಳೆದ ಬೆರಳು, ಅವೇ ಬೆರಳಲ್ಲಿ ತುಣುಕು ಹಿಡಿದಿದ್ದೆ. ವಿಭೂತಿಯಲ್ಲೂ ಇರುವುದು ಸುಣ್ಣದ ಅಂಶವೇ.

"ಎಲಾ ಮಂಗ್ಯಾ!" ಎಂದು ನನ್ನನ್ನೇ ಬೈದುಕೊಂಡೆ. ಸಾಬೂನು ಹಚ್ಚಿ ಕೈ, ಹಣೆ ಎರಡೂ ತೊಳೆದು ಮತ್ತೆ ಸೀಳಿದೆ. ಟೊಪ್ಪಿಗೆ ಇಲ್ಲ. ಬೋಳು ಕೋಶಗಳು. ಪುಸ್ತಕ ತೆರೆದರೆ ಎರಡನೆಯ ಪುಟದಲ್ಲೇ ಇತ್ತು, ಎಲ್ಲ ಕಡೆ ಸಿಗುವ ಮಾಮೂಲಿ ಅಣಬೆ.

ಮಧ್ಯಾಹ್ನದವರೆಗೆ ಯಾರಿಗೂ ಹೇಳಲಿಲ್ಲ. ಬಂದ ಮೇಲೆ ಹೇಳಿದರಾಯಿತು, ಇಬ್ಬರೂ ಕೂತು ನಕ್ಕರಾಯಿತು, ಎರಡು ದಿನ ಹೇಗೂ ಇರುತ್ತಾರೆ ಎಂದು ಲೆಕ್ಕ ಹಾಕಿದೆ. ಆದರೆ ಆ ವಯಸ್ಸಿನಲ್ಲಿ ಅವರು ದಿನವಿಡೀ ಬಸ್ಸಿನಲ್ಲಿ ಕುಲುಕಾಡಿ ಬರುವುದು ನನ್ನ ವಿಭೂತಿ ನೋಡಲಿಕ್ಕೆಯೇ? ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿ ಎಲ್ಲ ಹೇಳಿದೆ.

ಕೆಮ್ಮು ಬರುವಷ್ಟು ನಕ್ಕರು. ಆಮೇಲೆ, "ಛಲೋನ ಆತ ಬಿಡಪಾ. ನನಗೂ ಈಗೀಗ ಬಸ್ ಹತ್ತೂದ ಆಗಂಗಿಲ್ಲ. ಹೊಸದು ಅಂದಿ ಅಂತ ಬರ್ತೇನಿ ಅಂದಿದ್ದೆ" ಎಂದರು. ಅವರ ದನಿ ಹಗುರವಾದದ್ದು ಇಲ್ಲಿಗೇ ತಿಳಿಯಿತು.

"ಮತ್ತೇನರ ಹೇಳೂದೈತೇನು?"

ಅಣಬೆ ಗಿಣಬೆ ಏನೂ ಇಲ್ಲದಿದ್ದರೂ ಸುಮ್ಮನೆ ಬಂದು ಎರಡು ದಿನ ಇದ್ದು ಹೋಗಿರಿ ಎನ್ನುವುದು ಗಂಟಲ ತನಕ ಬಂದಿತ್ತು.

"ಏನಿಲ್ರಿ ಸರ" ಎಂದೆ.